ಮೊದಲನೇ ವರಸೆ

ನಿಶಾ ಎರಡೂ ಕೈಗಳನ್ನು ಹಣೆಯ ಮೇಲಕ್ಕೆತ್ತಿ, ಬೆರಳುಗಳ ನಡುವಿನ ತ್ರಿಕೋನದ ಕಿಂಡಿಯಲ್ಲಿ ಆಕಾಶ ನೋಡಿದಳು. ಅಲ್ಲಿದ್ದದ್ದು ಕ್ಲಬ್ ಹೌಸಿನ ಫಾಲ್ಸ್ ಸೀಲಿಂಗ್. ಹಾಗೆ ಶುರುವಾಗುವ ‘ಕಾಂಕು ದಾಯಿ’ ಎಂಬ ಕರಾಟೆ ಕಟಾದ ಅರವತ್ತೈದು ವರಸೆಗಳನ್ನೂ ತಪ್ಪದೆ ಮುಗಿಸಿದಳು. ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಿದರೆ ಬ್ಲ್ಯಾಕ್ ಬೆಲ್ಟ್.

“ಮೊದಲನೇ ವರಸೆಯ ಅರ್ಥ ಏನು?” ಸುದರ್ಶನ ಸರ್ ಕೇಳಿದರು.

“ಆಕಾಶ ನೋಡೋದು ಸರ್.”

“ಯಾಕೆ? ಅರ್ಥ ಗೊತ್ತಿಲ್ದೆ ಮಾಡಿದ್ರೆ ಅದು ಬರೀ ಕಸರತ್ತು. ಬೆಲ್ಟ್ ಸಿಗಲ್ಲ.”

ಪ್ರತಿ ಶನಿವಾರ ಸರ್ ಆ ಅರ್ಥ ಹೇಳಿಕೊಡುವಾಗ ನಿಶಾ ಮೊಬೈಲ್ ನೋಡುತ್ತಿದ್ದಳು. ಕ್ಲಾಸ್ ಮುಗಿದ ಮೇಲೆ ನೆಲ ಒರೆಸಬೇಕಾದ ಮರಗಮ್ಮ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತು ಕೇಳುತ್ತಿದ್ದಳು. ಇವತ್ತೂ ಅಲ್ಲೇ ನಿಂತಿದ್ದಳು. ನಿಶಾಳ ಕಣ್ಣು ತನ್ನ ಕಡೆ ಬಂದಾಗ ಬಕೆಟ್ ಕೆಳಗಿಟ್ಟು, ಎರಡೂ ಅಂಗೈಗಳನ್ನು ತೆರೆದು ತೋರಿಸಿದಳು.

“ಕೈ ಖಾಲಿ ಇದೆ ಅಂತ ತೋರಿಸೋದು ಸರ್! ಹತ್ಯಾರ ಇಲ್ಲ, ನನ್ಮೇಲೆ ಡೌಟ್ ಬೇಡ ಅಂತ,” ನಿಶಾ ಹೇಳಿದಳು.

“ಶಾಬಾಶ್!”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಿಶಾಳ ತಾಯಿ, ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮುಕ್ತಾ. “ಎಂಥ ಚಂದದ ಅರ್ಥ ಮಾರಾಯ್ರೆ!”

ಹೊರಗೆ ಬಂದ ನಿಶಾ ಒಂದು ಪೇಡೆಯ ಡಬ್ಬಿಯನ್ನು ಮರಗಮ್ಮನ ಕೈಯಲ್ಲಿಟ್ಟಳು. “ದೀದಿ, ಯೇ ಆಪ್ ಕೇ ಲಿಯೇ.”

ಘೋಡಬಂದರ್ ರಸ್ತೆ ಕಡೆಯ ಗೇಟಿನಲ್ಲಿ ವಾಚ್‌ಮನ್ ಮಾಪಣ್ಣ ತಡೆದ. ಕೆಲಸದವರು ಏನು ಹೊರಗೆ ಒಯ್ದರೂ ಫ್ಲ್ಯಾಟಿನವರ ಚೀಟಿ ಬೇಕು.

“ಚೀಟಿ ಎಲ್ಲದ?”

“ನಿಶಾನೇ ಕೊಟ್ಟಾಳ, ಕಾಕಾ.”

“ಕೊಟ್ಟಿರ್ಬೇಕವ್ವ. ಚೀಟಿ ಇಲ್ದ ಬಿಟ್ರ ನನ್ನ ನೌಕರಿ ಹೋಗ್ತದ, ನಿನ್ನ ಗೇಟ್ ಪಾಸೂ ಹೋಗ್ತದ.”

ಅಷ್ಟರಲ್ಲಿ ಮುಕ್ತಾರ ಕಾರು ಬಂದು ನಿಂತಿತು. ಪಕ್ಕದ ಸೀಟಿನಲ್ಲಿ ನಿಶಾ ಹೊಸ ಬೆಲ್ಟಿನ ಫೋಟೋ ಯಾರಿಗೋ ಕಳಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಮುಕ್ತಾ ಗಾಜು ಇಳಿಸಿದರು. “ನಮ್ಮ ನಿಶಾ ಕೊಟ್ಟದ್ದೇ, ನಂಗೆ ಗೊತ್ತುಂಟು. ಆದ್ರೆ ಇವತ್ತು ಹೀಗೆ ಬಿಟ್ರೆ ನಾಳೆ ಎಲ್ಲರೂ ಅದನ್ನೇ ಹೇಳ್ತಾರೆ. ಡಬ್ಬಿ ಇಲ್ಲೇ ಇರ್ಲಿ, ನಾಳೆ ಚೀಟಿ ಕಳಿಸ್ತೇನೆ. ಬ್ಯಾಗೂ ಒಮ್ಮೆ ನೋಡಿಬಿಡು ಮಾಪಣ್ಣ.”

ಕಾರು ಹೋಯಿತು. ಮರಗಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎರಡೂ ಕೈಗಳನ್ನು ಹಣೆಯ ಮೇಲಕ್ಕೆತ್ತಿ, ಹೆಬ್ಬೆರಳಿಗೆ ಹೆಬ್ಬೆರಳು, ತೋರುಬೆರಳಿಗೆ ತೋರುಬೆರಳು ತಾಗಿಸಿ, ನಡುವಿನ ಕಿಂಡಿಯಲ್ಲಿ ನೋಡಿದಳು. ಅವಳಿಗೆ ನಿಜವಾದ ಆಕಾಶವೇ ಕಂಡಿತು.

“ಮ್ಯಾಲ ಏನ್ ನೋಡ್ತಿ?” ಮಾಪಣ್ಣ ಅಂದ. “ಚೀಲ ತಗಿ.”