ಬಲಕ್ಕೆ ವಾಲಿದ ಹಾಡು

"ಎಡಗಡೆ ಒಂದು, ಬಲಗಡೆ ಎರಡು." ಲೈಲ್ ಪೆಕ್ಕಲಾ ಮೀಟರಿನ ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಮುಳ್ಳುಗಳು ಅಲುಗಲಿಲ್ಲ. "ಆರ್ವಿಲ್ ಸಾಹೇಬ್ರೆ, ನಿಮ್ಮ ಪೆಟ್ಟಿಗೆ ಕುಂಟ್ತಾ ಇದೆಯಲ್ಲ!"

ದೊಡ್ಡ ಸರೋವರದ ದಂಡೆಯ ಡುಲುತ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಅಂದು ಹಳೆಯ ಆಡಿಯೊ ಸಲಕರಣೆಗಳ ಹುಚ್ಚಿನವರೆಲ್ಲ ಸೇರಿದ್ದರು. ಅವರವರ ಮನೆಯ ಪ್ರೀಆಂಪ್‌ಗಳನ್ನು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವುದು ಲೈಲ್‌ನ ಕೆಲಸ. ರೆಕಾರ್ಡಿನ ಕ್ಷೀಣ ದನಿಯನ್ನು ಎತ್ತಿ ಆಂಪ್ಲಿಫೈಯರಿಗೆ ಕೊಡುವ ಆ ಪೆಟ್ಟಿಗೆಗೆ ಎರಡೂ ಕಡೆಯಿಂದ ಒಂದೇ ಅಳತೆಯ ದನಿ ಕೊಟ್ಟರೆ, ಎರಡೂ ಕಡೆಯಿಂದ ಒಂದೇ ಅಳತೆಯಲ್ಲೇ ಹೊರಗೆ ಬರಬೇಕು. ಆರ್ವಿಲ್ ಹಾಗೆನ್‌ನ ಪೆಟ್ಟಿಗೆಯಲ್ಲಿ ಬರಲಿಲ್ಲ.

"ಕುಂಟೋದು ನಿನ್ನ ಮೀಟರು," ಎಂದ ಆರ್ವಿಲ್. ಅದಿರು ಹಡಗುಗಳ ಎಂಜಿನ್ ಕೋಣೆಯಲ್ಲಿ ಬಾಳೆಲ್ಲ ದುಡಿದು ನಿವೃತ್ತನಾದವನು. ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ಕೇಳಪ್ಪ, ಮದುವೆಯಾದ ವರ್ಷ ನಾನೇ ಜೋಡಿಸಿದ ಪೆಟ್ಟಿಗೆ ಇದು. ನಡುವೆ ಬಲಗಡೆ ದನಿ ಸ್ವಲ್ಪ ಸೋತಿತ್ತು, ನಿಜ. ಸ್ಪೀಕರ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಏನೂ ಆಗ್ಲಿಲ್ಲ. ಮಾರಿಬಿಡೋಣ ಅಂತಲೂ ಅಂದ್ಕೊಂಡೆ. ಕೊನೆಗೆ ಒಳಗಿನ ಗಾಜಿನ ವಾಲ್ವ್ ತೆಗೆದು ಹೊಸದು ಹಾಕಿದೆ ನೋಡು, ಮಾರನೇ ದಿನದಿಂದ ರೆಕಾರ್ಡಿನ ಹಾಡುಗಾರ್ತಿ ಎರಡು ಸ್ಪೀಕರ್‌ಗಳ ಸರಿಯಾಗಿ ನಡುಮಧ್ಯೆ ನಿಂತು ಹಾಡೋಕೆ ಶುರು ಮಾಡಿದ್ಲು. ಈ ಊರಲ್ಲಿ ಇಂಥ ಇನ್ನೊಂದು ಪೆಟ್ಟಿಗೆ ಇದ್ರೆ ತೋರ್ಸು."

ಲೈಲ್ ವಾದಕ್ಕಿಳಿಯಲಿಲ್ಲ. ಇನ್ಯಾರದೋ ಪ್ರೀಆಂಪ್ ಇಟ್ಟು ಅಳೆದ. ಎರಡೂ ಮುಳ್ಳುಗಳು ಸಮವಾಗಿ ನಿಂತವು. ಆರ್ವಿಲ್‌ನ ಪೆಟ್ಟಿಗೆಯನ್ನು ಮತ್ತೆ ಇಟ್ಟ. ಮತ್ತೆ ಒಂದು, ಎರಡು. ತಿರುಪು ಬಿಚ್ಚಿ, ಮುಚ್ಚಳ ತೆಗೆದು, ಟಾರ್ಚು ಹಿಡಿದು ಒಳಗೆ ಬಗ್ಗಿ ನೋಡಿದವನು ಸಣ್ಣಗೆ ಸಿಳ್ಳೆ ಹಾಕಿದ. "ಇದು ಕೆಟ್ಟಿದ್ದಲ್ಲ, ಸಾಹೇಬ್ರೆ. ಎಡಗಡೆಗೆ ಯಾರೋ ಒಂದು ರೆಸಿಸ್ಟರ್ ಸೇರಿಸಿದ್ದಾರೆ. ಬೇಕಂತಲೇ ಆ ಕಡೆ ದನೀನ ಅರ್ಧಕ್ಕೆ ಇಳಿಸಿದ್ದಾರೆ. ಬೆಸುಗೆ ನೋಡಿ, ಮುತ್ತು ಕೂರಿಸಿದ ಹಾಗಿದೆ."

"ಯಾವ ಕಳ್ಳ ನನ್ನ ಪೆಟ್ಟಿಗೆಗೆ ಕೈ ಹಾಕಿದ್ದು?"

"ನಾನು," ಎಂದಳು ಅವನ ಹೆಂಡತಿ ವರ್ನಾ. ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೇಜಿನ ಹತ್ತಿರ ಬಂದಳು. ದನಿಯಲ್ಲಿ ಅಳುಕಿರಲಿಲ್ಲ. "ಮದುವೆಯಾದ ವರ್ಷ ನೀನು ಪುಸ್ತಕ ಓದಿ ಹೇಳ್ದೆ, ಬೆಸುಗೆ ಹಾಕಿದ್ದು ನಾನು. ಇದನ್ನೂ ನಾನೇ ಹಾಕ್ದೆ. ಸೋತಿದ್ದು ಪೆಟ್ಟಿಗೆ ಅಲ್ಲ ಆರ್ವಿಲ್, ನಿನ್ನ ಬಲಗಿವಿ. ಡಾಕ್ಟರ ಹತ್ರ ಹೋಗೋಣ ಅಂದ್ರೆ ಎಗರಾಡಿದೆ. ಈ ಪೆಟ್ಟಿಗೇನ ಮಾರೋಕೆ ಹೊರಟೆ. ನಾನೇನು ಮಾಡ್ಲಿ? ನೀನು ವಾಲ್ವ್ ಹಾಕಿ ಮಲಗಿದ ಮೇಲೆ ಕೂತು ಇದನ್ನ ಹಾಕ್ದೆ."

"ಎಡ ಬಲ ಸರಿಮಾಡೋ ಗುಂಡಿ ಮುಂದೇನೇ ಇದೆಯಲ್ಲ ಅಕ್ಕ," ಎಂದ ಲೈಲ್. "ಅದನ್ನೇ ತಿರುಗಿಸಿದ್ರೆ ಆಗ್ತಿತ್ತು."

"ಅದು ನಡುಮಧ್ಯದಿಂದ ಒಂದು ಕೂದಲೆಳೆ ಸರಿದ್ರೂ ಇವನ ಕಣ್ಣಿಗೆ ಬೀಳುತ್ತೆ. ಇವನೇ ತಿರುಗಿಸೋದು ಅಂದ್ರೆ ಕಿವಿ ಹೋಗಿದೆ ಅಂತ ಒಪ್ಕೊಂಡ ಹಾಗೆ."

"ಮತ್ತೆ ನಿಮಗೆ ಹೇಗೆ ಕೇಳಿಸ್ತಿತ್ತು?"

"ನನಗೇನು, ಹಾಡುಗಾರ್ತಿ ಅವತ್ತಿಂದ ಬಲಗಡೆ ಗೋಡೆಗೆ ಒರಗಿಕೊಂಡೇ ಹಾಡ್ತಿದ್ದಾಳೆ." ಯಾರೋ ನಕ್ಕರು. ವರ್ನಾ ನಗಲಿಲ್ಲ. ಗಂಡನ ಎಡಬದಿಗೆ ಬಂದು ನಿಂತು, ಅವನಿಗಷ್ಟೇ ಎಂಬಂತೆ ಹೇಳಿದಳು: "ಬರುವಾಗ ಕಾರಲ್ಲಿ ದಾರಿಯುದ್ದಕ್ಕೂ ಇದನ್ನೇ ಹೇಳ್ದೆ. ನಿನಗೆ ಕೇಳಿಸ್ಲಿಲ್ಲ. ನನ್ನ ಮಾತು ಕೇಳದವನು ಮೀಟರಿನ ಮಾತನ್ನಾದ್ರೂ ಕೇಳ್ತಾನೆ ಅಂತ ಸುಮ್ಮನಾದೆ."

ಆರ್ವಿಲ್‌ನ ಕುತ್ತಿಗೆ ಕೆಂಪೇರಿತು. ಈಗ ಕೂಗಾಡುತ್ತಾನೆ ಎಂದುಕೊಂಡು ಲೈಲ್ ತನ್ನ ಮೀಟರನ್ನು ಹಿಂದಕ್ಕೆ ಎಳೆದುಕೊಂಡ. ಆರ್ವಿಲ್ ಪೆಟ್ಟಿಗೆಯ ಒಳಗೆ ಬಗ್ಗಿ ಆ ಸಣ್ಣ ಬೆಸುಗೆಯನ್ನು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಹಾಗಾದ್ರೆ ವಾಲ್ವ್ ಅಲ್ವಾ?" ಎಂದು ಕೇಳಿದ.

"ಅಲ್ಲ."

"ಛೆ. ಅದರ ವಿಷಯ ಊರಿಗೆಲ್ಲ ಹೇಳಿಬಿಟ್ಟಿದ್ದೀನಿ." ಅವನು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಅಂದ: "ಲೈಲ್, ಆ ರೆಸಿಸ್ಟರ್ ಕಿತ್ತುಹಾಕು. ನನ್ನ ಹೆಂಡ್ತಿ ಗೋಡೆ ಕಡೆ ನೋಡ್ಕೊಂಡು ಹಾಡು ಕೇಳಿದ್ದು ಸಾಕು. ನನ್ನ ಕಿವಿ ವಿಚಾರ ನಾನು ಡಾಕ್ಟರ ಹತ್ರ ನೋಡ್ಕೊತೀನಿ."

ಲೈಲ್ ಕಿತ್ತ, ಮತ್ತೆ ಅಳೆದ. ಮುಳ್ಳುಗಳು ಜೋಡಿ ಎತ್ತುಗಳಂತೆ ಒಟ್ಟಿಗೆ ಎದ್ದು ಒಟ್ಟಿಗೆ ನಿಂತವು. ದನಿಯಲ್ಲಿ ಕೊಂಚವೂ ಕಲಬೆರಕೆ ಇರಲಿಲ್ಲ. "ಸಾಹೇಬ್ರೆ, ಇವತ್ತು ಬಂದ ಪೆಟ್ಟಿಗೆಗಳಲ್ಲಿ ಇದಕ್ಕೇ ಮೊದಲನೇ ಸ್ಥಾನ," ಎಂದ. ಆರ್ವಿಲ್ ಹೆಂಡತಿಯ ಕಡೆ ಕೈ ತೋರಿಸಿದ: "ಅದನ್ನ ಅವಳಿಗೆ ಹೇಳು."

ಹೊರಗೆ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟ ಆರ್ವಿಲ್, ಎಡಗಡೆಯ ಚಾಲಕನ ಬಾಗಿಲಿಗೆ ಕೈ ಹಾಕಿದವನು ಅಲ್ಲೇ ನಿಂತ. ಇಬ್ಬರೂ ಜೊತೆಗೆ ಹೊರಟಾಗ ಕಾರು ಓಡಿಸುವವನು ಯಾವಾಗಲೂ ಅವನೇ. ಈಗ ಸುತ್ತು ಹಾಕಿ ಬಂದು ಕೀಲಿಯನ್ನು ವರ್ನಾಳ ಅಂಗೈಯಲ್ಲಿಟ್ಟು, ತಾನು ಬಲಗಡೆಯ ಸೀಟಿನಲ್ಲಿ ಕೂತ. ಅವನ ಒಳ್ಳೆಯ ಕಿವಿ ಅವಳ ಕಡೆಗಿತ್ತು.

"ಬರುವಾಗ ಹೇಳಿದ್ದನ್ನೆಲ್ಲ ಮೊದಲಿಂದ ಹೇಳು," ಎಂದ.

"ಅದು ಉದ್ದ ಇದೆ ಆರ್ವಿಲ್. ಬರೀ ಇವತ್ತಿಂದಲ್ಲ."

"ಹಾಗಾದ್ರೆ ಸರೋವರ ಸುತ್ಕೊಂಡು ಹೋಗು."