ಹೊಂಡದಲ್ಲಿ ಮಿಂದ ಕೀಲಿಕೈ

ಕಾರಿನ ಬಾಗಿಲು ತೆರೆದದ್ದೇ ತಡ, ಸೈರನ್ ಮಹಾಕೂಟದ ಗುಡ್ಡಕ್ಕೆಲ್ಲ ಕೇಳುವಂತೆ ಅರಚತೊಡಗಿತು. ಮುತ್ತುರಾಜ ಒಳಗೆ ಬಾಗುವಷ್ಟರಲ್ಲಿ ಯಾರೋ ಹಿಂದಿನಿಂದ ಕಾಲರ್ ಹಿಡಿದರು.

"ಕಾರ್ ಕದಿಯಾಕ ಬಂದಾನಲೇ, ಬಿಡಬ್ಯಾಡ್ರಿ!"

"ನನ್ನ ಕಾರ್ ರೀ! ಹೊಸಾದು ಅಂತ ನಮ್ಮವ್ವ ಕೀಲಿಕೈ ಗುಡಿ ಹೊಂಡದಾಗ ಮುಳುಗಿಸ್ಯಾಳ. ರಿಮೋಟ್ ಸತ್ತೈತಿ. ಕೀಲಿ ತಿರುವಿ ಬಾಗ್ಲಾ ತಗದ್ರ ಹಿಂಗ ಹೊಡಕೊಳ್ತೈತಿ!"

ಯಾರೂ ನಂಬಲಿಲ್ಲ. ಬೆನ್ನಿಗೆ ಗುದ್ದು ಬಿತ್ತು. ಅವನು ಹೇಗೋ ಕೈ ಚಾಚಿ, ಒದ್ದೆ ಕೀಲಿಕೈಯನ್ನು ಸ್ಟೀರಿಂಗ್ ಪಕ್ಕದಲ್ಲಿ ತೂರಿಸಿ ತಿರುಗಿಸಿದ. ಅದರೊಳಗಿನ ಚಿಪ್‌ಗೆ ಬ್ಯಾಟರಿ ಬೇಕಿರಲಿಲ್ಲ. ಕಾರು ತನ್ನ ಕೀಲಿಕೈಯನ್ನು ಗುರುತಿಸಿತು. ಸೈರನ್ ನಿಂತಿತು. ಕಾಲರ್ ಹಿಡಿದ ಕೈ ಸಡಿಲಾಯಿತು.

ಏದುಸಿರು ಬಿಡುತ್ತ ಓಡಿಬಂದ ತಾಯಿ ಕಾಳವ್ವ ಗುಡಿಯತ್ತ ಕೈಮುಗಿದಳು.

"ನೋಡಿದೇನೋ ಹೊಂಡದ ನೀರಿನ ಶಕ್ತಿ! ಆ ಇನ್ನೊಂದು ಕೀಲಿಕೈನೂ ಕೊಡು, ಮುಳುಗಿಸ್ಕೊಂಡು ಬರ್ತೇನಿ."