ಮೇಲಿನ ಮಹಡಿಗೆ

"ಇಲ್ಲಿ ಓಪನ್ ಆಗ್ತಿದೆ ಸಿಸ್ಟರ್, ಮೇಲೆ ಯಾಕೆ ಆಗ್ತಿಲ್ಲ?" ಸಂಘಮಿತ್ರ ಕೆಳಗಿನ ಲ್ಯಾಬಿನಿಂದ ನರ್ಸ್ ಗೌತಮಿಯನ್ನು ಫೋನಿನಲ್ಲಿ ಕೇಳಿದಳು. ಬೆಳಗಿನಿಂದ ಇದೇ ಮಾತು. ಚಿಂತಾಮಣಿಯ ಆಸ್ಪತ್ರೆಯ ಲ್ಯಾಬಿಗೆ ಅವಳು ಬರೆದ ಜಾವಾ ಪ್ರೋಗ್ರಾಮಿನೊಳಗೇ ಒಂದು ವೆಬ್ ಸರ್ವರ್ ಇತ್ತು. ರಕ್ತಪರೀಕ್ಷೆಯ ರಿಪೋರ್ಟುಗಳು ಅದರ ಮೂಲಕ ಮೇಲಿನ ಮಹಡಿಯ ಡಾಕ್ಟರಿಗೆ ತಲುಪಬೇಕಿತ್ತು. ತಲುಪುತ್ತಿರಲಿಲ್ಲ.

"ಇನ್ನೂ ಎಷ್ಟೊತ್ತಮ್ಮಾ? ಕೂತ್ಕೊಳ್ಳಕ್ಕೂ ಆಗ್ತಿಲ್ಲ" ಎಂದರು ಜ್ವರದಿಂದ ಬಸವಳಿದು, ರಿಪೋರ್ಟಿಗಾಗಿ ಲ್ಯಾಬಿನ ಬೆಂಚಿನ ಮೇಲೆ ಕಾಯುತ್ತಿದ್ದ ಮುರುಗಮಲ್ಲದ ಮಂಗಮ್ಮ. ಸೆಟ್ಟಿಂಗ್ಸನ್ನು ಮತ್ತೆ ಮೊದಲಿನಿಂದ ಓದುತ್ತಿದ್ದ ಸಂಘಮಿತ್ರಳ ಬೆರಳು ಅಡ್ರೆಸ್ಸಿನ ಸಾಲಿನಲ್ಲಿ ನಿಂತಿತು. ಇದೇ ಕಂಪ್ಯೂಟರ್ ಕೇಳಿದರೆ ಮಾತ್ರ ಉತ್ತರ ಕೊಡುವಂತೆ, ಪ್ರೋಗ್ರಾಮನ್ನು ಪರೀಕ್ಷಿಸಿ ನೋಡುವಾಗ ತಾನೇ ಬರೆದು ಮರೆತಿದ್ದಳು. ಮೇಲಿನ ಕಂಪ್ಯೂಟರಿಗೂ ಉತ್ತರ ಕೊಡುವಂತೆ ತಿದ್ದಿ, ಸರ್ವರನ್ನು ಮತ್ತೆ ಶುರುಮಾಡಿದಳು.

ಫೋನ್ ಹೊಡೆದುಕೊಂಡಿತು. "ಬಂತು ಮೇಡಂ!" ಎಂದ ಸಿಸ್ಟರ್ ಗೌತಮಿಯ ದನಿ ಮರುಕ್ಷಣ ಬದಲಾಯಿತು. "ಮಂಗಮ್ಮ ಅನ್ನೋರು ಅಲ್ಲೇ ಇದಾರಾ? ಪ್ಲೇಟ್‌ಲೆಟ್ ತುಂಬಾ ಇಳಿದಿದೆ. ಡಾಕ್ಟ್ರು ಈಗ್ಲೇ ಅಡ್ಮಿಟ್ ಮಾಡಿ ಅಂತಿದಾರೆ. ಅವರನ್ನ ನಡೆಸ್ಬೇಡಿ."

ಸಂಘಮಿತ್ರ ಎದ್ದು ಬೆಂಚಿನ ಬಳಿ ಬಂದಳು. "ಮುಗೀತೇನಮ್ಮಾ ನಿನ್ ಕೆಲ್ಸ?" ಎಂದು ಮಂಗಮ್ಮ ಕಣ್ಣು ತೆರೆದರು. ಸುಡುತ್ತಿದ್ದ ಅವರ ಕೈಯನ್ನು ಹಿಡಿದು ಪಕ್ಕದಲ್ಲಿ ಕೂತ ಸಂಘಮಿತ್ರ, ಗಾಲಿಕುರ್ಚಿ ತರುವಂತೆ ಕೂಗಿದಳು.